ನಿದ್ದೆಯಲ್ಲಿ ಅವಿದ್ಯೆ ಇರುತ್ತದೆಯೇ? ಮೈಸೂರು ಸೀಮೆಯ ಒಂದು ವೇದಾಂತ ವಿವಾದ

1929ರಲ್ಲಿ ಮೈಸೂರು ಸಂಸ್ಥಾನದ ವಿದ್ವಾಂಸರ ಕೈಗೆ ಒಂದು ಸಂಸ್ಕೃತ ಪುಸ್ತಕ ಬಂತು. ಹೆಸರು ‘ಮೂಲಾವಿದ್ಯಾನಿರಾಸಃ’. ‘ಶ್ರೀಶಂಕರಹೃದಯಮ್’ ಎಂಬ ಇನ್ನೊಂದು ಹೆಸರೂ ಅದಕ್ಕಿತ್ತು. ಬರೆದವರು ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮ; ಬಲ್ಲವರ ಬಾಯಲ್ಲಿ ಸುಬ್ಬರಾಯರು. ಅವರು ಮಠದ ಆಸ್ಥಾನ ವಿದ್ವಾಂಸರಾಗಿರಲಿಲ್ಲ, ಸಂಸ್ಕೃತ ಪಾಠಶಾಲೆಯ ವೇದಾಂತದ ಗದ್ದುಗೆಯಲ್ಲಿ ಕೂತವರೂ ಆಗಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳಿ ಸಂಸಾರ ನಡೆಸಿದ ಕಡೂರು ಕಡೆಯ ಗೃಹಸ್ಥರು. ಆಗ ಅವರಿಗೆ 49 ವರ್ಷ.

ಪುಸ್ತಕದ ವಾದವನ್ನು ಚಿಕ್ಕದಾಗಿ ಹೇಳುವುದಾದರೆ ಹೀಗೆ: ಶಂಕರಾಚಾರ್ಯರು ಅವಿದ್ಯೆ ಎಂದದ್ದು ಮನುಷ್ಯನ ತಪ್ಪು ತಿಳಿವಳಿಕೆಯನ್ನು. ಆ ತಪ್ಪಿಗೆ ಉಪಾದಾನವಾಗಿ, ಅಂದರೆ ಮಡಕೆಗೆ ಮಣ್ಣಿನಂತೆ, ಅದರ ಹಿಂದೆ ಅನಾದಿಯಾದ, ಭಾವರೂಪವಾದ ‘ಮೂಲಾವಿದ್ಯೆ’ ಎಂಬುದೊಂದು ಕೂತಿದೆ ಎಂಬ ಮಾತು ಅವರದಲ್ಲ, ಅವರ ಅನಂತರ ಬಂದ ವ್ಯಾಖ್ಯಾನಕಾರರದು. ಮೇಲುನೋಟಕ್ಕೆ ಇದು ಪಂಡಿತರ ಒಳಜಗಳ ಎನಿಸಬಹುದು. ಆದರೆ ಬಿಡುಗಡೆ ಎಂದರೇನು ಎಂಬ ಪ್ರಶ್ನೆಯೆಲ್ಲ ಇದರ ಮೇಲೆಯೇ ನಿಂತಿದೆ. ಅವಿದ್ಯೆ ಎಂಬುದು ಇರುವ ಒಂದು ವಸ್ತುವಾದರೆ ಅದನ್ನು ಯಾವುದಾದರೂ ಉಪಾಯದಿಂದ ಇಲ್ಲವಾಗಿಸಬೇಕು, ಇಲ್ಲವಾಯಿತೇ ಎಂದು ಕಾಯಬೇಕು. ಅದು ಬರಿಯ ತಪ್ಪು ತಿಳಿವಳಿಕೆಯಾದರೆ ಸರಿಯಾಗಿ ತಿಳಿದ ಕ್ಷಣಕ್ಕೆ ಕೆಲಸ ಮುಗಿಯಿತು. 20ನೆಯ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ನಡೆದ ತಾತ್ವಿಕ ಚರ್ಚೆಗಳಲ್ಲಿ ಇದಕ್ಕಿಂತ ಆಳವಾದದ್ದು ನನಗೆ ಕಾಣದು. ಆದರೂ ಆ ಕಾಲದ ಚರಿತ್ರೆ ಬರೆಯುವವರು ಇದನ್ನು ಮುಟ್ಟದೆ ಮುಂದೆ ಹೋಗಿಬಿಡುತ್ತಾರೆ.

ವಿವಾದದ ಬೇರು ಇರುವುದು ಬ್ರಹ್ಮಸೂತ್ರ ಭಾಷ್ಯದ ಮೊದಲ ಪುಟಗಳಲ್ಲಿ. ಸೂತ್ರಕ್ಕೆ ಕೈ ಹಾಕುವ ಮುಂಚೆ ಶಂಕರರು ಒಂದು ಪೀಠಿಕೆ ಬರೆಯುತ್ತಾರೆ. ಪರಂಪರೆ ಅದನ್ನು ಅಧ್ಯಾಸ ಭಾಷ್ಯ ಎನ್ನುತ್ತದೆ. ಅಲ್ಲಿ ದೇವರ ಪ್ರಸ್ತಾಪವಿಲ್ಲ, ಸೃಷ್ಟಿಯ ಕಥೆಯಿಲ್ಲ, ವೇದದ ಪ್ರಮಾಣದ ಮಾತನ್ನೂ ಮೊದಲಿಗೆ ಎತ್ತುವುದಿಲ್ಲ. ಅವರು ಶುರು ಮಾಡುವುದು ನಾವೆಲ್ಲರೂ ದಿನಾ ಆಡುವ ಮಾತಿನಿಂದ. ನಾನು ದಪ್ಪಗಿದ್ದೇನೆ, ನಾನು ನಡೆಯುತ್ತೇನೆ ಎನ್ನುತ್ತೇವೆ. ಅದು ಮೈಯ ಧರ್ಮ. ನಾನು ಕುರುಡ, ನಾನು ಕಿವುಡ ಎನ್ನುತ್ತೇವೆ. ಅದು ಇಂದ್ರಿಯದ ಧರ್ಮ. ನನಗೆ ಆಸೆ, ನನಗೆ ಸಂಶಯ ಎನ್ನುತ್ತೇವೆ, ಅದು ಮನಸ್ಸಿನದು. ಇಷ್ಟಕ್ಕೇ ನಿಲ್ಲುವುದಿಲ್ಲ. ಹೆಂಡತಿ ಮಕ್ಕಳು ಸೊರಗಿದರೆ ನಾನೇ ಸೊರಗಿದೆ, ಅವರು ಸುಖವಾಗಿದ್ದರೆ ನಾನೇ ಸುಖವಾಗಿದ್ದೇನೆ ಎಂದುಕೊಳ್ಳುತ್ತೇವೆ. ನೋಡುವ ಅರಿವನ್ನೂ ನೋಡಲ್ಪಡುವ ವಸ್ತುವನ್ನೂ ಒಂದರ ಮೇಲೊಂದು ಹೇರಿ, ಎರಡನ್ನೂ ಕಲಸಿ, ‘ನಾನು’ ಎಂಬ ಒಂದು ವ್ಯವಹಾರ ನಡೆಸುತ್ತೇವೆ. ಈ ಪರಸ್ಪರ ಹೇರಿಕೆಯೇ ಅಧ್ಯಾಸ. ಇದನ್ನೇ ಪಂಡಿತರು ಅವಿದ್ಯೆ ಎಂದು ತಿಳಿಯುತ್ತಾರೆ ಎಂದು ಶಂಕರರು ಅಲ್ಲೇ ಹೇಳಿಬಿಡುತ್ತಾರೆ.

ಆ ಪೀಠಿಕೆಯ ಒಂದು ಚಿತ್ರವನ್ನಂತೂ ಮರೆಯಲಾಗದು. ಕೋಲೆತ್ತಿ ಬರುವವನನ್ನು ಕಂಡರೆ ಹಸು ದೂರ ಓಡುತ್ತದೆ. ಕೈತುಂಬ ಹಸಿಹುಲ್ಲು ಹಿಡಿದು ಬರುವವನನ್ನು ಕಂಡರೆ ಅವನ ಕಡೆಗೇ ನಡೆಯುತ್ತದೆ. ಶಾಸ್ತ್ರ ಓದಿ ವಿವೇಕಿ ಎನಿಸಿಕೊಂಡವನೂ ಅಷ್ಟೆ. ಕತ್ತಿ ಹಿರಿದು ಕೂಗುತ್ತ ಬರುವ ಬಲಶಾಲಿಯನ್ನು ಕಂಡರೆ ಸರಿಯುತ್ತಾನೆ, ಅದಕ್ಕೆ ವಿರುದ್ಧ ಕಂಡರೆ ಹತ್ತಿರ ಹೋಗುತ್ತಾನೆ. ಈ ಮಟ್ಟದಲ್ಲಿ ಪಶುವಿಗೂ ಪಂಡಿತನಿಗೂ ವ್ಯತ್ಯಾಸವಿಲ್ಲ ಎನ್ನುತ್ತಾರೆ ಆಚಾರ್ಯರು. ಹೀಗೆ ಅಹಂಕಾರವನ್ನು ಹಸುವಿನ ಹೆಜ್ಜೆಯಲ್ಲಿ ತೋರಿಸಿದ ಗ್ರಂಥಕ್ಕೆ ಮುಂದೆ ಎಷ್ಟೊಂದು ಪರಿಭಾಷೆ ಹತ್ತಿಕೊಂಡಿತು ಎಂಬುದೇ ಈ ವಿವಾದದ ಹಿನ್ನೆಲೆ.

ಶಂಕರರ ಶಿಷ್ಯ ಪದ್ಮಪಾದರದೆಂದು ಪರಂಪರೆ ಹೇಳುವ ‘ಪಂಚಪಾದಿಕಾ’ ಈ ಪೀಠಿಕೆಗೂ ಮೊದಲ ನಾಲ್ಕು ಸೂತ್ರಗಳ ಭಾಷ್ಯಕ್ಕೂ ಬರೆದ ಟೀಕೆ. ಅದರ ಮೇಲೆ ಪ್ರಕಾಶಾತ್ಮರು ‘ವಿವರಣ’ ಬರೆದರು. ಇನ್ನೊಂದು ಕಡೆ ವಾಚಸ್ಪತಿ ಮಿಶ್ರರ ‘ಭಾಮತೀ’ ಬಂತು. ಭಾಷ್ಯದಲ್ಲಿ ಅಧ್ಯಾಸಕ್ಕೆ ನಿಮಿತ್ತವಾಗಿ ‘ಮಿಥ್ಯಾಜ್ಞಾನ’ ಎಂಬ ಸಮಾಸ ಬರುತ್ತದೆ. ಅದನ್ನು ‘ಮಿಥ್ಯಾ ಜ್ಞಾನ’ ಎಂದು ಬಿಡಿಸಿದರೆ ತಪ್ಪು ತಿಳಿವಳಿಕೆ ಎಂದಾಗುತ್ತದೆ. ‘ಮಿಥ್ಯಾ ಅಜ್ಞಾನ’ ಎಂದು ಬಿಡಿಸಿದರೆ ಅನಿರ್ವಚನೀಯವಾದ, ಅಂದರೆ ಇದೆ ಎಂದೂ ಇಲ್ಲ ಎಂದೂ ಹೇಳಲಾಗದ, ಅಜ್ಞಾನ ಎಂಬ ಇನ್ನೊಂದೇ ಸಂಗತಿ ತಲೆ ಎತ್ತುತ್ತದೆ. ಪಂಚಪಾದಿಕೆ ಎರಡನೆಯ ದಾರಿ ಹಿಡಿಯಿತು. ಹೀಗೊಂದು ಅವಿದ್ಯಾಶಕ್ತಿಯನ್ನು ಒಪ್ಪಲೇಬೇಕು, ಇಲ್ಲದಿದ್ದರೆ ತೋರಿಕೆಗೆ ಉಪಾದಾನವೇ ಇಲ್ಲದಂತಾಗುತ್ತದೆ ಎಂದು ವಾದಿಸಿತು. ಅಲ್ಲಿಂದ ಮುಂದೆ ಅವಿದ್ಯೆ ಯಾರದು, ಅದರ ಆಶ್ರಯ ಬ್ರಹ್ಮವೋ ಜೀವನೋ, ಅದು ಒಂದೋ ಹಲವೋ, ಅದಕ್ಕೆ ಆವರಣ ಮತ್ತು ವಿಕ್ಷೇಪ ಎಂದು ಎರಡು ಶಕ್ತಿಗಳಿವೆಯೇ, ಜ್ಞಾನ ಬಂದ ಮೇಲೂ ಜ್ಞಾನಿಯ ದೇಹ ಉಳಿಯುವುದಕ್ಕೆ ಅವಿದ್ಯಾಲೇಶ ಕಾರಣವೇ ಎಂದು ಪ್ರಶ್ನೆಗಳ ಸಾಲೇ ಬೆಳೆಯಿತು. ವಿವರಣ ಮತ್ತು ಭಾಮತೀ ಎರಡು ಪ್ರಸ್ಥಾನಗಳಾದವು. 14ನೆಯ ಶತಮಾನದಲ್ಲಿ ನಮ್ಮ ತುಂಗಾ ತೀರದ ಪರಂಪರೆಯಲ್ಲಿ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ‘ವಿವರಣ ಪ್ರಮೇಯ ಸಂಗ್ರಹ’, ‘ಪಂಚದಶೀ’ಗಳು ಈ ವಿಚಾರಸರಣಿಯನ್ನು ಕನ್ನಡ ನಾಡಿನ ವೇದಾಂತದ ಸಾಮಾನ್ಯ ಭಾಷೆಯನ್ನಾಗಿ ಮಾಡಿದವು. ಸಂಸ್ಥಾನದ ಪಾಠಶಾಲೆಗಳಲ್ಲಿ ವೇದಾಂತ ಓದುವುದೆಂದರೆ ಈ ಟೀಕೆಗಳ ಮೂಲಕ ಓದುವುದೇ ಆಗಿತ್ತು. ಟೀಕೆಯನ್ನು ಬದಿಗಿಟ್ಟು ಭಾಷ್ಯವನ್ನಷ್ಟೇ ಓದುತ್ತೇನೆ ಎನ್ನುವುದು ಅಹಂಭಾವದ ಮಾತಾಗಿ ಕಾಣುತ್ತಿತ್ತು.

ಹಾಗೆ ಓದುವುದು 1910ರ ನಂತರ ಸುಲಭವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಶೃಂಗೇರಿಯ ಜಗದ್ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು ಕಾಲಟಿಯಲ್ಲಿ, ಶಂಕರರ ಜನ್ಮಸ್ಥಳದಲ್ಲಿ, ದೇವಾಲಯ ಪ್ರತಿಷ್ಠೆ ಮಾಡಿದರು. ಅವರ ಅನುಗ್ರಹದಲ್ಲೇ ಶ್ರೀರಂಗದ ವಾಣೀವಿಲಾಸ ಮುದ್ರಣಾಲಯ ಶಂಕರರ ಕೃತಿಗಳೆಲ್ಲವನ್ನೂ 20 ಸಂಪುಟಗಳಲ್ಲಿ ಸ್ಮಾರಕ ಆವೃತ್ತಿಯಾಗಿ ಹೊರತಂದಿತು. ಒಂದು ಉಪನಿಷತ್ತಿನ ಭಾಷ್ಯವನ್ನು ಇನ್ನೊಂದರ ಪಕ್ಕದಲ್ಲಿಟ್ಟು, ಗೀತಾಭಾಷ್ಯದ ಮಾತಿಗೆ ಬೃಹದಾರಣ್ಯಕ ಭಾಷ್ಯದ ಮಾತು ಹೊಂದುತ್ತದೆಯೇ ಎಂದು ಮನೆಯ ಮೇಜಿನ ಮೇಲೇ ನೋಡಬಹುದಾದ ಕಾಲ ಬಂತು. ಮೂಲಾವಿದ್ಯಾ ವಿವಾದಕ್ಕೆ ಅಚ್ಚಿನ ಮೊಳೆಯೂ ಒಂದು ಕಾರಣ ಎಂದೇ ನನ್ನ ನಂಬಿಕೆ.

ಸುಬ್ಬರಾಯರು ಹುಟ್ಟಿದ್ದು 1880ರ ಜನವರಿ 5ರಂದು. ಕಾಲಟಿಯ ಪ್ರತಿಷ್ಠೆಯ ಸಂದರ್ಭದಲ್ಲಿ ಅವರಿಗೆ ಶೃಂಗೇರಿಯ ಆ ಜಗದ್ಗುರುಗಳಿಂದಲೇ ಉಪದೇಶವಾಯಿತು ಎಂದು ಅವರ ಶಿಷ್ಯ ಪರಂಪರೆ ಹೇಳಿಕೊಂಡು ಬಂದಿದೆ. ಆದರೆ ಅವರ ವಿಚಾರಕ್ಕೆ ದಿಕ್ಕು ತೋರಿಸಿದವರು ಕೆ.ಎ. ಕೃಷ್ಣಸ್ವಾಮಿ ಅಯ್ಯರ್. ಇಂಗ್ಲಿಷ್ ಓದಿದ, ಪಶ್ಚಿಮದ ತತ್ವಶಾಸ್ತ್ರವನ್ನು ಚೆನ್ನಾಗಿ ಅರಗಿಸಿಕೊಂಡ ಅಯ್ಯರ್ ಅವರು ವೇದಾಂತದ ಬೀಗದ ಕೈ ಇರುವುದು ಅವಸ್ಥಾತ್ರಯದಲ್ಲಿ ಎಂದು ಕಂಡುಕೊಂಡಿದ್ದರು. ಪಶ್ಚಿಮದ ತತ್ವಜ್ಞಾನಿ ಎಚ್ಚರದ ಜಗತ್ತನ್ನು ಮಾತ್ರ ಇಟ್ಟುಕೊಂಡು ಸತ್ಯ ಯಾವುದು ಎಂದು ಕೇಳುತ್ತಾನೆ. ಮನುಷ್ಯನಿಗೆ ಎಚ್ಚರ, ಕನಸು, ನಿದ್ದೆ ಮೂರೂ ಇವೆ. ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ತೀರ್ಮಾನ ಅರ್ಧಂಬರ್ಧ ತೀರ್ಮಾನ ಎಂಬುದು ಅವರ ನಿಲುವು. ಇದನ್ನು ಅವರು ‘ವೇದಾಂತ ಆರ್ ದಿ ಸೈನ್ಸ್ ಆಫ್ ರಿಯಾಲಿಟಿ’ ಎಂಬ ದೊಡ್ಡ ಗ್ರಂಥದಲ್ಲಿ ಬರೆದರು. 1930ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಅದಕ್ಕೆ ಮುನ್ನುಡಿ ಬರೆದವರು ಎಸ್. ರಾಧಾಕೃಷ್ಣನ್.

ಆ ಕಾಲದ ಮೈಸೂರೇ ಹಾಗಿತ್ತು. ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. 1918ರಿಂದ ಮೂರು ವರ್ಷ ರಾಧಾಕೃಷ್ಣನ್ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿದರು. ಎಂ. ಹಿರಿಯಣ್ಣನವರು ಸದ್ದಿಲ್ಲದೆ ಹಳೆಯ ಅದ್ವೈತ ಗ್ರಂಥಗಳನ್ನು ಶೋಧಿಸುತ್ತಿದ್ದರು. ಶಂಕರರ ನೇರ ಶಿಷ್ಯ ಸುರೇಶ್ವರರ ‘ನೈಷ್ಕರ್ಮ್ಯಸಿದ್ಧಿ’ಯನ್ನು 1925ರಲ್ಲಿ, ವಿಮುಕ್ತಾತ್ಮರ ‘ಇಷ್ಟಸಿದ್ಧಿ’ಯನ್ನು 1933ರಲ್ಲಿ ಅವರು ಸಂಪಾದಿಸಿದರು; ನಡುವೆ 1932ರಲ್ಲಿ ಜಗತ್ತೇ ಓದಿದ ಅವರ ಭಾರತೀಯ ತತ್ವಶಾಸ್ತ್ರದ ರೂಪರೇಷೆ ಬಂತು. ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತತ್ವಶಾಸ್ತ್ರದ ಪಾಠ ಹೇಳುತ್ತಿದ್ದರು. ಮೈಸೂರಿನ ರಾಮಕೃಷ್ಣ ಆಶ್ರಮದ ಸಂನ್ಯಾಸಿಗಳು ಅವರ ಮುಂದೆ ಕೂತು ಮಾಂಡೂಕ್ಯ ಕಾರಿಕೆ ಓದಿದರು. ಕುವೆಂಪು ‘ನೆನಪಿನ ದೋಣಿಯಲ್ಲಿ’ ಭಕ್ತಿಯಿಂದ ನೆನೆಯುವ ಗೋಪಾಲ ಮಹಾರಾಜ್, ಅಂದರೆ ಸ್ವಾಮಿ ಸಿದ್ಧೇಶ್ವರಾನಂದರು, ಅವರಲ್ಲಿ ಒಬ್ಬರು. ಅವರು 1937ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿ ವೇದಾಂತ ಹೇಳಿದರು. ಸ್ವಾಮಿ ನಿಖಿಲಾನಂದರ ಮಾಂಡೂಕ್ಯದ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದವರೂ ಇದೇ ಸುಬ್ರಹ್ಮಣ್ಯ ಅಯ್ಯರ್.

ಪಾಲ್ ಬ್ರಂಟನ್ ಹೆಸರು ಕೇಳಿದವರಿರಬಹುದು. 1934ರಲ್ಲಿ ಬಂದ ಪುಸ್ತಕದಿಂದ ರಮಣ ಮಹರ್ಷಿಗಳನ್ನು ಪಶ್ಚಿಮಕ್ಕೆ ಪರಿಚಯಿಸಿದ ಇಂಗ್ಲಿಷ್ ಪತ್ರಕರ್ತ. ಅವನು ಮುಂದೆ ಮೈಸೂರಿಗೆ ಬಂದು ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಪಾಠ ಕೇಳಿದ. ಕಣ್ಣು ಮುಚ್ಚಿದಾಗ ಬರುವ ಅನುಭವ ಎಷ್ಟೇ ಮಧುರವಾಗಿದ್ದರೂ ಅದು ಬಂದು ಹೋಗುವಂಥದ್ದು. ಸತ್ಯ ಬೇಕಾದವನು ವಿಚಾರ ಮಾಡಬೇಕು ಎಂಬ ಅಯ್ಯರ್ ಅವರ ಪಟ್ಟಿನ ಗುರುತು ಬ್ರಂಟನ್ 1941ರಲ್ಲಿ ಬರೆದ ‘ದಿ ಹಿಡನ್ ಟೀಚಿಂಗ್ ಬಿಯಾಂಡ್ ಯೋಗ’ದ ತಲೆಬರಹದಲ್ಲೇ ಕಾಣುತ್ತದೆ.

ಕೃಷ್ಣಸ್ವಾಮಿ ಅಯ್ಯರ್, ಸುಬ್ರಹ್ಮಣ್ಯ ಅಯ್ಯರ್ ಇಬ್ಬರೂ ಬರೆದದ್ದು ಇಂಗ್ಲಿಷಿನಲ್ಲಿ, ಓದುಗರು ಇಂಗ್ಲಿಷ್ ಬಲ್ಲವರು. ಸುಬ್ಬರಾಯರು ಬೇರೆ ದಾರಿ ಹಿಡಿದರು. 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಸ್ಥಾಪಿಸಿದರು. ಅದೇ ಹೆಸರಿನ ಪತ್ರಿಕೆ ನಡೆಸಿದರು. ಒಂದು ಕಡೆ ಪಂಡಿತರಿಗಾಗಿ ಸಂಸ್ಕೃತದಲ್ಲಿ, ಇನ್ನೊಂದು ಕಡೆ ಮನೆಮಂದಿಗಾಗಿ ತಿಳಿಗನ್ನಡದಲ್ಲಿ ಬರೆದರು. ಪಂಡಿತರ ಸಭೆಯಲ್ಲಿ ಆಡುವ ಮಾತನ್ನೇ ಕನ್ನಡ ಮಾತ್ರ ಬಲ್ಲ ಓದುಗರ ಮುಂದೆಯೂ ಆಡಿದರು, ಅವರಿಗೆಂದು ಅದನ್ನು ತೆಳುಮಾಡಲಿಲ್ಲ.

‘ಮೂಲಾವಿದ್ಯಾನಿರಾಸ’ದ ಕಾವು ಹೆಚ್ಚುವುದು ನಿದ್ದೆಯ ಪ್ರಶ್ನೆ ಬಂದಾಗ. ಮೂಲಾವಿದ್ಯಾವಾದಿಗಳ ಬಲವಾದ ಸಾಕ್ಷಿ ಅದೇ. ನಿದ್ದೆಯಿಂದ ಎದ್ದವನು ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ ಎನ್ನುತ್ತಾನೆ. ಇದು ನೆನಪು. ಅನುಭವಿಸದೆ ನೆನಪು ಬರುವುದಿಲ್ಲ. ಹಾಗಾದರೆ ನಿದ್ದೆಯಲ್ಲಿ ಅವನು ಆ ‘ಏನೂ ಗೊತ್ತಿಲ್ಲ’ ಎಂಬುದನ್ನು, ಅಂದರೆ ಅಜ್ಞಾನವನ್ನು, ಅನುಭವಿಸಿದ್ದಾನೆ. ಆಗ ಮನಸ್ಸಿಲ್ಲ, ಅಹಂಕಾರವಿಲ್ಲ, ಅಧ್ಯಾಸವಿಲ್ಲ. ಆದರೂ ಅಜ್ಞಾನವಿದೆ. ಆದ್ದರಿಂದ ಅಜ್ಞಾನ ಎಂಬುದು ಅಧ್ಯಾಸಕ್ಕಿಂತ ಬೇರೆ, ಅದಕ್ಕೆ ಬೀಜವಾಗಿರುವಂಥದ್ದು. ವಾದ ಅಚ್ಚುಕಟ್ಟಾಗಿದೆ. ಇನ್ನೊಂದು ಪ್ರಶ್ನೆ ಇದಕ್ಕಿಂತ ಹರಿತವಾದದ್ದು: ನಿದ್ದೆಯಲ್ಲಿ ಅವಿದ್ಯೆ ಇಲ್ಲವೆಂದಾದರೆ ಮಲಗಿದವರೆಲ್ಲ ಮುಕ್ತರಾಗಬೇಕು. ಬೆಳಗ್ಗೆ ಎದ್ದು ಅದೇ ಸಾಲ, ಅದೇ ಜಗಳ, ಅದೇ ‘ನಾನು’ ಹೇಗೆ ಮರಳಿ ಬರುತ್ತದೆ?

ಸುಬ್ಬರಾಯರ ಉತ್ತರ ಎರಡು ಹಂತದ್ದು. ಮೊದಲು ಅವರು ಕೇಳುತ್ತಾರೆ, ನಿದ್ದೆಯಲ್ಲಿ ಅಜ್ಞಾನವನ್ನು ಕಂಡವರು ಯಾರು? ಏನೂ ಗೊತ್ತಾಗಲಿಲ್ಲ ಎಂಬ ಮಾತು ನಿದ್ದೆಯಲ್ಲಿ ಎರಡನೆಯ ವಸ್ತು ಇರಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಇರಲಿಲ್ಲ ಎಂಬುದನ್ನು ಹಿಡಿದು ‘ಇಲ್ಲದಿರುವಿಕೆ ಎಂಬ ಒಂದು ವಸ್ತು ಇತ್ತು’ ಎಂದು ಕಟ್ಟುವುದು ಎಚ್ಚರದಲ್ಲಿ ಕೂತು ಮಾಡಿದ ಊಹೆ. ಎರಡನೆಯದಾಗಿ, ಮರಳಿ ಹೇಗೆ ಬರುತ್ತದೆ ಎಂದು ಕೇಳುವವನು ನಿದ್ದೆಯನ್ನು ಎಚ್ಚರದ ಕಾಲದೊಳಗೆ ಇಡುತ್ತಿದ್ದಾನೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ನಿದ್ದೆ ಎಂಬುದು ಎಚ್ಚರದ ಗಡಿಯಾರದ ಲೆಕ್ಕ. ನಿದ್ದೆಯ ಒಳಗೆ ಕಾಲವಿಲ್ಲ, ಕಾರ್ಯಕಾರಣವಿಲ್ಲ. ಕಾಲವೇ ಇಲ್ಲದ ಕಡೆ ಬೀಜವೊಂದು ಕಾದು ಕೂತಿತ್ತು ಎನ್ನುವುದಕ್ಕೆ ಅರ್ಥವಿಲ್ಲ. ಎಚ್ಚರದ ದೃಷ್ಟಿಯನ್ನು ಒಪ್ಪಿಕೊಂಡು ಮಾತಾಡುವಾಗ ಶಾಸ್ತ್ರ ಬೀಜ ಎನ್ನುತ್ತದೆ. ನಿದ್ದೆಯನ್ನು ಅದರ ನೆಲೆಯಲ್ಲೇ ನಿಂತು ನೋಡುವಾಗ ಅಲ್ಲಿರುವುದು ಶುದ್ಧ ಆತ್ಮ ಎನ್ನುತ್ತದೆ.

ಇಬ್ಬರಿಗೂ ಭಾಷ್ಯದ ಆಧಾರವುಂಟು, ವಿವಾದ ಇಷ್ಟು ಗಟ್ಟಿಯಾಗಿ ನಿಂತದ್ದು ಅದರಿಂದಲೇ. ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಜನಕನಿಗೆ ನಿದ್ದೆಯ ಸ್ವರೂಪ ಹೇಳುವ ಜಾಗದಲ್ಲಿ ಶಂಕರರು, ಅಲ್ಲಿ ಕಾಣುವ ಆತ್ಮರೂಪ ಅವಿದ್ಯೆ, ಕಾಮ, ಕರ್ಮಗಳಿಂದ ಬಿಡುಗಡೆಯಾದದ್ದು ಎಂದು ನೇರವಾಗಿ ಹೇಳುತ್ತಾರೆ. ಸುಬ್ಬರಾಯರಿಗೆ ಇದಕ್ಕಿಂತ ದೊಡ್ಡ ಬೆಂಬಲ ಬೇಕಿಲ್ಲ. ಎದುರಾಳಿಗಳು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯ ತೆಗೆಯುತ್ತಾರೆ. ಅಲ್ಲಿ ಅದೇ ಶಂಕರರು, ನಿದ್ದೆ ಸಮಾಧಿಗಳಲ್ಲಿ ಭೇದವೆಲ್ಲ ಅಳಿದರೂ ಮಿಥ್ಯಾಜ್ಞಾನ ನಿವಾರಣೆಯಾಗದೆ ಇರುವುದರಿಂದ ಎಚ್ಚರವಾದಾಗ ಹಿಂದಿನಂತೆಯೇ ಭೇದ ತೋರುತ್ತದೆ ಎನ್ನುತ್ತಾರೆ. ಗೌಡಪಾದರ ಮಾಂಡೂಕ್ಯ ಕಾರಿಕೆಯೂ ಸುಷುಪ್ತಿಯ ಪ್ರಾಜ್ಞನಿಗೆ, ಅಂದರೆ ಗಾಢನಿದ್ದೆಯಲ್ಲಿರುವ ಆತ್ಮನಿಗೆ, ಬೀಜನಿದ್ರೆಯ ಸಂಬಂಧ ಹೇಳುತ್ತದೆ. ಈ ವಾಕ್ಯಗಳನ್ನು ಎಚ್ಚರದ ದೃಷ್ಟಿಯ ಮಾತು ಎಂದು ಸುಬ್ಬರಾಯರು ಹೊಂದಿಸಿದರು. ಹೊಂದಿಕೆ ಅಸಾಧ್ಯವಲ್ಲ, ಆದರೆ ಸಲೀಸಾಗಿಯೂ ಇಲ್ಲ. ಒಂದನ್ನು ಮಾತ್ರ ಗಮನಿಸಬೇಕು: ಎದುರಾಳಿಗಳು ಎತ್ತಿ ಹಿಡಿದ ಆ ವಾಕ್ಯದಲ್ಲೂ ಶಂಕರರು ಹೇಳಿದ್ದು ನಿವಾರಣೆಯಾಗದ ತಪ್ಪು ತಿಳಿವಳಿಕೆಯ ಮಾತು. ಜಗತ್ತಿಗೆ ಮಣ್ಣಿನಂತೆ ಒದಗುವ ಉಪಾದಾನದ ಮಾತು ಅಲ್ಲೂ ಇಲ್ಲ.

ಪುಸ್ತಕಕ್ಕೆ ವಿರೋಧ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಪದ್ಮಪಾದರು ಶಂಕರರ ಕಾಲಬುಡದಲ್ಲಿ ಕೂತು ಕೇಳಿದವರು. ಅವರಿಗೆ ತಿಳಿಯದ ಗುರುಹೃದಯ ಸಾವಿರ ವರ್ಷದ ಮೇಲೆ ಶಾಲೆಯ ಮೇಷ್ಟರಿಗೆ ತಿಳಿಯಿತೇ ಎಂಬ ಪ್ರಶ್ನೆ ಸಹಜವಾದದ್ದು. ಅದನ್ನು ಹಳೆಯ ಕಾಲದವರ ಹಠ ಎಂದು ತಳ್ಳಿಹಾಕುವುದು ಅನ್ಯಾಯ. ಸಂಪ್ರದಾಯ ಬಿಟ್ಟು ಸ್ವಂತ ಬುದ್ಧಿಯಿಂದ ಶಾಸ್ತ್ರ ಹೇಳುವವನನ್ನು ಎಲ್ಲ ಶಾಸ್ತ್ರ ಬಲ್ಲವನಾದರೂ ದೂರವಿಡಬೇಕು ಎಂಬರ್ಥದ ಮಾತನ್ನು ಗೀತಾಭಾಷ್ಯದಲ್ಲಿ ಸ್ವತಃ ಶಂಕರರೇ ಹೇಳಿದ್ದಾರೆ. ಸುಬ್ಬರಾಯರು ಈ ಆಕ್ಷೇಪವನ್ನು ಗಂಭೀರವಾಗಿಯೇ ತೆಗೆದುಕೊಂಡರು. ತಾವು ಸಂಪ್ರದಾಯ ಬಿಟ್ಟಿಲ್ಲ, ಗೌಡಪಾದ, ಶಂಕರ, ಸುರೇಶ್ವರ ಎಂಬ ಮೂಲ ಸಂಪ್ರದಾಯಕ್ಕೇ ಮರಳುತ್ತಿದ್ದೇವೆ ಎಂಬುದು ಅವರ ಸಮಾಧಾನ. ಅದರಲ್ಲೂ ಸುರೇಶ್ವರರು ಅವರ ಮುಖ್ಯ ಸಾಕ್ಷಿ. ಉಪನಿಷತ್ತಿನ ಮಾತು ಕೇಳಿದ್ದು ಸಾಲದು, ಅದನ್ನು ಮತ್ತೆ ಮತ್ತೆ ಭಾವಿಸಿ ಅಭ್ಯಾಸ ಮಾಡಿದರೆ ಮಾತ್ರ ಬಿಡುಗಡೆ ಎಂಬ ಪ್ರಸಂಖ್ಯಾನವಾದವನ್ನು ಸುರೇಶ್ವರರು ‘ನೈಷ್ಕರ್ಮ್ಯಸಿದ್ಧಿ’ಯಲ್ಲಿ ಖಂಡಿಸುತ್ತಾರೆ. ಮಾತಿನ ಅರ್ಥ ಸರಿಯಾಗಿ ಹಿಡಿದವನಿಗೆ ಆಮೇಲೆ ಮಾಡುವುದೇನೂ ಉಳಿದಿಲ್ಲ.

ಸುಬ್ಬರಾಯರ ಬದುಕಿನ ಉಳಿದರ್ಧ ಹೊಳೆನರಸೀಪುರದಲ್ಲಿ ಕಳೆಯಿತು. 1937ರಲ್ಲಿ ಕಾರ್ಯಾಲಯವನ್ನು ಹೇಮಾವತಿ ದಂಡೆಯ ಆ ಊರಿಗೆ ಸಾಗಿಸಿದರು. ರಾಜಧಾನಿಯ ಸಭೆ, ಅರಮನೆಯ ಆಶ್ರಯ ಎರಡರಿಂದಲೂ ದೂರದ ಜಾಗ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. 1949ರಲ್ಲಿ ಸುಬ್ರಹ್ಮಣ್ಯ ಅಯ್ಯರ್, 1950ರಲ್ಲಿ ಹಿರಿಯಣ್ಣನವರು ಹೋದರು. ಮೈಸೂರಿನ ಆ ಗುಂಪು ಹೀಗೆ ಕರಗಿತು. ಸುಬ್ಬರಾಯರು 1948ರಲ್ಲಿ ಸಂನ್ಯಾಸ ತೆಗೆದುಕೊಂಡು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. ಬರವಣಿಗೆ ಮಾತ್ರ ನಿಲ್ಲಲಿಲ್ಲ. ಕನ್ನಡ, ಸಂಸ್ಕೃತ, ಇಂಗ್ಲಿಷ್ ಸೇರಿ ಅವರ ಪುಸ್ತಕಗಳ ಸಂಖ್ಯೆ ಇನ್ನೂರನ್ನು ದಾಟುತ್ತದೆ. 1958ರಲ್ಲಿ ‘ಮಾಂಡೂಕ್ಯ ರಹಸ್ಯ ವಿವೃತಿ’ ಬಂತು. 1964ರಲ್ಲಿ, 84ರ ವಯಸ್ಸಿನಲ್ಲಿ, ‘ವೇದಾಂತ ಪ್ರಕ್ರಿಯಾ ಪ್ರತ್ಯಭಿಜ್ಞಾ’ ಪ್ರಕಟಿಸಿದರು. ಗೌಡಪಾದರಿಂದ ಹಿಡಿದು ಒಬ್ಬೊಬ್ಬ ಅದ್ವೈತಾಚಾರ್ಯನ ಪ್ರಕ್ರಿಯೆಯನ್ನೂ ಬಿಡಿಸಿ ಪರೀಕ್ಷಿಸುವ ಆ ಸಂಸ್ಕೃತ ಗ್ರಂಥವನ್ನು ಎ.ಜೆ. ಆಲ್ಸ್ಟನ್ ಇಂಗ್ಲಿಷಿಗೆ ತಂದರು, 1989ರಲ್ಲಿ ಅದು ಹೊರಬಂತು. ಸ್ವಾಮಿಗಳು ಅದನ್ನು ನೋಡಲಿಲ್ಲ; 1975ರ ಆಗಸ್ಟ್ 5ರಂದು, 95 ತುಂಬಿದ ಮೇಲೆ, ದೇಹ ಬಿಟ್ಟಿದ್ದರು.

ಇಲ್ಲಿ ಜರ್ಮನಿಯ ಕಡೆಗೊಮ್ಮೆ ತಿರುಗಬೇಕು. 1950ರಲ್ಲಿ ಪಾಲ್ ಹ್ಯಾಕರ್ ಎಂಬ ವಿದ್ವಾಂಸ ಶಂಕರರ ಪರಿಭಾಷೆಯ ಮೇಲೆ ಒಂದು ಉದ್ದನೆಯ ಲೇಖನ ಬರೆದ. ಅವನಿಗೆ ಮೋಕ್ಷದ ಆತುರವಿರಲಿಲ್ಲ. ಶಂಕರರ ಹೆಸರಿನಲ್ಲಿರುವ ನೂರಾರು ಕೃತಿಗಳಲ್ಲಿ ನಿಜವಾಗಿ ಅವರವು ಯಾವುವು ಎಂದು ಗುರುತಿಸಲು ಅವಿದ್ಯಾ, ನಾಮರೂಪ, ಮಾಯಾ, ಈಶ್ವರ ಎಂಬ ಶಬ್ದಗಳ ಬಳಕೆಯನ್ನು ಬ್ರಹ್ಮಸೂತ್ರ ಭಾಷ್ಯದುದ್ದಕ್ಕೂ ಹುಡುಕಿದ. ಅವನಿಗೆ ಕಂಡದ್ದೂ ಇದೇ: ಶಂಕರರಲ್ಲಿ ಅವಿದ್ಯೆ ಎಂದರೆ ಮುಖ್ಯವಾಗಿ ಮಿಥ್ಯಾಜ್ಞಾನ; ಜಗತ್ತಿನ ಉಪಾದಾನವಾದ, ಅನಿರ್ವಚನೀಯವಾದ ಅವಿದ್ಯೆ ಅವರ ಅನಂತರದವರ ವಿಶೇಷ. 1953ರಲ್ಲಿ ಅಮೆರಿಕದ ಡೇನಿಯಲ್ ಇಂಗಾಲ್ಸ್, ಅವಿದ್ಯೆ ಯಾರದು ಎಂಬ ಪ್ರಶ್ನೆಯನ್ನು ಶಂಕರರು ಬೆಳೆಸದೆ ಬಿಟ್ಟದ್ದನ್ನೂ ಶಿಷ್ಯಪರಂಪರೆ ಅದನ್ನೇ ಹಿಡಿದು ಬೆಳೆಸಿದ್ದನ್ನೂ ತೋರಿಸಿದ. ಯುರೋಪು ಅಮೆರಿಕಗಳ ವಿಶ್ವವಿದ್ಯಾನಿಲಯಗಳಲ್ಲಿ ಹೊಸ ಸಂಶೋಧನೆ ಎನಿಸಿಕೊಂಡ ಈ ಮಾತು ಮೈಸೂರು ಸಂಸ್ಥಾನದಲ್ಲಿ ಎರಡು ದಶಕ ಮೊದಲೇ ಅಚ್ಚಾಗಿತ್ತು.

ಹಾಗೆಂದು ವ್ಯಾಖ್ಯಾನಕಾರರ ಶ್ರಮವೆಲ್ಲ ವ್ಯರ್ಥ ಎಂದು ನಾನು ಹೇಳಲಾರೆ. ಬೌದ್ಧರು, ನೈಯಾಯಿಕರು, ಆಮೇಲೆ ರಾಮಾನುಜೀಯರು, ಮಾಧ್ವರು ಎತ್ತಿದ ಕಠಿಣ ಪ್ರಶ್ನೆಗಳ ಮುಂದೆ ಅದ್ವೈತವನ್ನು ಒಂದು ವ್ಯವಸ್ಥೆಯಾಗಿ ನಿಲ್ಲಿಸುವ ಹೊಣೆ ಅವರ ಮೇಲಿತ್ತು. ತೋರಿಕೆ ಎಲ್ಲಿಂದ ಬಂತು ಎಂದು ಎದುರಾಳಿ ಕೇಳಿದಾಗ ಪ್ರಶ್ನೆಯೇ ತಪ್ಪು ಎಂದರೆ ವಾದಸಭೆಯಲ್ಲಿ ಸೋತಂತೆ. ಅವರು ಉತ್ತರ ಕೊಟ್ಟರು, ಆ ಉತ್ತರ ಮೂಲಾವಿದ್ಯೆಯಾಯಿತು. ಸುಬ್ಬರಾಯರ ದೂರು ಏನೆಂದರೆ, ಎದುರಾಳಿಗೆ ಕೊಟ್ಟ ಉತ್ತರವೇ ಸಾಧಕನ ಹೆಗಲ ಮೇಲೆ ಹೊರೆಯಾಗಿ ಕೂತಿತು. ನಾನು ಎಂಬುದರಲ್ಲಿ ಏನೇನು ಕಲಸಿದ್ದೇನೆ ಎಂದು ನೋಡಿಕೊಳ್ಳಬೇಕಾದವನು, ಕಾಣದ ಅವಿದ್ಯೆಯೊಂದನ್ನು ನಾಶ ಮಾಡಲು ಹೊರಟ. ಈ ದೂರು ನ್ಯಾಯವಾದದ್ದು ಎಂದೇ ನನಗೆ ತೋರುತ್ತದೆ. ನಿದ್ದೆಯ ವಿಷಯದಲ್ಲಿ ಅವರ ವಾದ ಪೂರ್ತಿ ಗೆದ್ದಿದೆ ಎಂದು ಹೇಳಲು ನನಗೆ ಧೈರ್ಯ ಸಾಲದು. ಬೆಳಗ್ಗೆ ಎದ್ದಾಗ ಅದೇ ‘ನಾನು’ ಎದ್ದು ಕೂರುವ ಸಂಗತಿ, ಪ್ರಶ್ನೆಯೇ ತಪ್ಪು ಎಂದ ಮಾತ್ರಕ್ಕೆ ಸುಮ್ಮನಾಗುವುದಿಲ್ಲ. ಆದರೆ ಭಾಷ್ಯದ ಅಕ್ಷರದಲ್ಲಿ ಮೂಲಾವಿದ್ಯೆ ಇಲ್ಲ ಎಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ.

ಪ್ರಸ್ಥಾನತ್ರಯದ, ಅಂದರೆ ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳ, ಶಾಂಕರ ಭಾಷ್ಯಕ್ಕೆ ಸ್ವಾಮಿಗಳು ಮಾಡಿದ ಕನ್ನಡ ಅನುವಾದಗಳಿವೆ. ಹೊಳೆನರಸೀಪುರದ ಕಾರ್ಯಾಲಯವೂ ಬೆಂಗಳೂರಿನ ತ್ಯಾಗರಾಜನಗರದ ಅದರ ಶಾಖೆಯೂ ಅವರ ಪುಸ್ತಕಗಳನ್ನು ಉಳಿಸಿಕೊಂಡು ಬಂದಿವೆ. ನಮ್ಮ ವಿಶ್ವವಿದ್ಯಾನಿಲಯಗಳ ತತ್ವಶಾಸ್ತ್ರ ವಿಭಾಗಗಳು ಹ್ಯಾಕರನನ್ನು ಓದಿಸುವ ಮೊದಲು ‘ಮೂಲಾವಿದ್ಯಾನಿರಾಸ’ವನ್ನು ಓದಿಸಬೇಕು, ಜೊತೆಗೆ ಪಂಚಪಾದಿಕೆಯನ್ನೂ ಇಟ್ಟು ಎರಡು ಕಡೆಯ ವಾದವನ್ನೂ ವಿದ್ಯಾರ್ಥಿಗಳ ಮುಂದಿಡಬೇಕು. ಇಷ್ಟೆಲ್ಲ ಓದಲು ಬಿಡುವಿಲ್ಲದವರು ಅಧ್ಯಾಸ ಭಾಷ್ಯವೊಂದನ್ನಾದರೂ ಕನ್ನಡದಲ್ಲಿ ಓದಿ. ಕೆಲವೇ ಪುಟಗಳಿವೆ.